ಬೆಡ್‌ಶೀಟಿನ ಮೇಲೆ ಅಕ್ಕಿ ಆರಿಸುತ್ತಿದ್ದ ಅಮ್ಮ

ಆಪರೇಷನ್ ಆದ ಮೂರನೇ ರಾತ್ರಿ, ಎರಡೂವರೆ ಇರಬೇಕು, ಅಮ್ಮ ಬೆಡ್‌ಶೀಟಿನ ಮೇಲೆ ಅಕ್ಕಿ ಆರಿಸುತ್ತಿದ್ದಳು. ಅಲ್ಲಿ ಅಕ್ಕಿ ಎಲ್ಲಿ ಬರಬೇಕು? ಆಸ್ಪತ್ರೆಯ ಹಸಿರು ಬೆಡ್‌ಶೀಟು ಅಷ್ಟೇ. ಹೆಬ್ಬೆರಳು ತೋರುಬೆರಳು ಸೇರಿಸಿ ಏನನ್ನೋ ಹೆಕ್ಕುತ್ತಾಳೆ, ಕಣ್ಣ ಹತ್ತಿರ ತಂದು ನೋಡುತ್ತಾಳೆ, ಮಂಚದ ಆಚೆ ಎಸೆಯುತ್ತಾಳೆ. ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಕಲ್ಲು ಆರಿಸುವಾಗ ಹೇಗೆ ಮಾಡ್ತಾಳೋ ಥೇಟ್ ಹಾಗೇ. ಸುಳ್ಳು ಯಾಕೆ ಹೇಳಲಿ, ನನಗೆ ಮೊದಲು ನಗು ಬಂತು. ಆಮೇಲೆ ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಬಸ್ಸಲ್ಲಿ ಪಕ್ಕದ ಸೀಟಿಗೆ ಬಂದು ಕೂತವರನ್ನು ನೋಡ್ತೀವಲ್ಲ, ಆ ಥರ. ನಾನು ಯಾರು ಅಂತ ಅವಳಿಗೆ ಗೊತ್ತಿರಲಿಲ್ಲ. ನಾನು "ಅಮ್ಮಾ" ಅನ್ನುವಷ್ಟರಲ್ಲಿ ಮೂಗಿನ ಟ್ಯೂಬಿಗೆ ಕೈ ಹಾಕಿದಳು.

ಅಲ್ಲಿಂದ ನಾಲ್ಕು ದಿನ ನಾವು ಪಟ್ಟ ಪಾಡನ್ನು ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಅದಕ್ಕೆ "ಅಮ್ಮನಿಗೆ ತಲೆ ಕೆಟ್ಟಿದ್ದಾಗ" ಅಂತಲೇ ಹೆಸರು. ಡಾಕ್ಟರ ಭಾಷೆಯಲ್ಲಿ ಡೆಲಿರಿಯಂ. ನಮ್ಮಜ್ಜಿ ಇದ್ದಿದ್ದರೆ ಒಂದೇ ಮಾತಲ್ಲಿ "ಸನ್ನಿ ಹಿಡಿದದೆ" ಅಂತಿದ್ದಳು. ಅಜ್ಜಿ ಮಾತೇ ಹೆಚ್ಚು ಸರಿ ಅನ್ನಿಸುತ್ತೆ ನನಗೆ. ಹುಚ್ಚು ಬೇರೆ, ಸನ್ನಿ ಬೇರೆ ಅಂತ ಆ ಕಾಲದವರಿಗೆ ಗೊತ್ತಿತ್ತು. ಸನ್ನಿ ಅಂದರೆ ಮೈಯಲ್ಲಿ ಏನೋ ಕೆಟ್ಟು ತಲೆಗೆ ಏರೋದು, ಮೈ ಸರಿಹೋದರೆ ಇಳಿಯೋದು.

ಅಮ್ಮನ ವಯಸ್ಸು 73, ಅದೂ ಅಂದಾಜು. ಆಧಾರ್‌ನಲ್ಲಿ ಜನವರಿ 1 ಅಂತಿದೆ. ನಮ್ಮೂರಲ್ಲಿ ಅರ್ಧ ಜನ ಹುಟ್ಟಿರೋದು ಜನವರಿ 1ಕ್ಕೇ ಬಿಡಿ. ಶಿರಾ ಕಡೆಯ ಹಳ್ಳಿ ನಮ್ಮದು. ಮದುವೆಯಾಗಿ ಬಂದಾಗಿನಿಂದ ಎಲೆ ಅಡಿಕೆ, ಅದರ ಜೊತೆ ಕಡ್ಡಿಪುಡಿ. ಬೀಡಿ ಸಿಗರೇಟು ಸೇದೋ ಗಂಡಸರಿಗೆ ಮಾತ್ರ ಕ್ಯಾನ್ಸರ್ ಬರೋದು ಅಂತ ನಾವೆಲ್ಲ ನಂಬಿದ್ದೆವು. ಕಡ್ಡಿಪುಡಿಯೂ ಹೊಗೆಸೊಪ್ಪೇ ಅಲ್ವಾ? ಬಲಗೆನ್ನೆಯ ಒಳಗೆ ಹುಣ್ಣಾಗಿ ನಾಲ್ಕು ತಿಂಗಳು ಬೋರಿಕ್ ಗ್ಲಿಸರಿನ್ ಹಚ್ಚಿಕೊಂಡು ಕೂತಳು. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯದ ಹಾಗೆ ಆದಮೇಲೆ ತುಮಕೂರಿಗೆ ಕರೆದುಕೊಂಡು ಬಂದೆ. ಬಯಾಪ್ಸಿ, ಸ್ಕ್ಯಾನ್, ಆಯುಷ್ಮಾನ್ ಕಾರ್ಡು, ರೆಫರಲ್ ಚೀಟಿ, ಆಮೇಲೆ ಬೆಂಗಳೂರು. ಆ ಓಡಾಟದ ಕಥೆಯೇ ಬೇರೆ, ಈಗ ಬೇಡ.

ಆಪರೇಷನ್‌ಗೆ ಮುಂಚೆ ಫಿಟ್‌ನೆಸ್ ಅಂತ ಒಂದು ದಿನ ಇರುತ್ತೆ. ಇಸಿಜಿ, ಎಕೋ, ರಕ್ತ ಪರೀಕ್ಷೆ ಎಲ್ಲಾ ಹಿಡಕೊಂಡು ಅನಸ್ತೇಶಿಯಾ ಡಾಕ್ಟರ ಮುಂದೆ ಕೂರಬೇಕು. ಹೊರಗೆ ಐವತ್ತು ಜನ ಕಾಯ್ತಿರ್ತಾರೆ. ಬಿಪಿ ಇದೆಯಾ, ಶುಗರ್ ಇದೆಯಾ, ದಮ್ಮು, ಫಿಟ್ಸು, ಹಿಂದೆ ಆಪರೇಷನ್ ಆಗಿತ್ತಾ, ಕಟ್ಟಿಸಿದ ಹಲ್ಲು ಇದೆಯಾ, ಎಲ್ಲಾ ಪಟಪಟ ಕೇಳಿದರು. "ಯಾವ ಮಾತ್ರೆ ತಗೋತಾರೆ?" ಅಂದರು. ಬಿಪಿ ಮಾತ್ರೆ, ಶುಗರ್ ಮಾತ್ರೆ ಎರಡನ್ನೂ ತೋರಿಸಿದೆ. "ಮರೆವು ಏನಾದರೂ?" ಅಂತಲೂ ಕೇಳಿದರು. ಕೇಳಲೇ ಇಲ್ಲ ಅಂತ ನಾನು ಹೇಳಿದರೆ ತಪ್ಪಾಗುತ್ತೆ. ಅಮ್ಮ ಪಕ್ಕದಲ್ಲೇ ಸೆರಗು ಹೊದ್ದು ಕೂತಿದ್ದಳು. "ಇಲ್ಲ ಸಾರ್, ವಯಸ್ಸಿಗೆ ತಕ್ಕ ಹಾಗೆ" ಅಂದುಬಿಟ್ಟೆ.

ನಿಜ ಏನು ಗೊತ್ತಾ? ಆ ವರ್ಷ ಎರಡು ಸಲ ಹಾಲು ಒಲೆ ಮೇಲಿಟ್ಟು ಹೊಲಕ್ಕೆ ಹೋಗಿದ್ದಳು. ಸೊಂಟದಲ್ಲೇ ಸಿಕ್ಕಿಸಿಕೊಂಡಿದ್ದ ಬೀಗದ ಕೈಯನ್ನು ಹಟ್ಟಿಯೆಲ್ಲಾ ಹುಡುಕಿಸಿದ್ದಳು. ಪಿಂಚಣಿ ದುಡ್ಡು ಬಂದ ದಿನವೇ "ಇನ್ನೂ ಬಂದಿಲ್ಲ" ಅಂತ ಪೋಸ್ಟ್‌ಮ್ಯಾನ್ ಹತ್ತಿರ ಜಗಳ. ನಾವು ಅದನ್ನೆಲ್ಲ ಹೇಳಿಕೊಂಡು ನಗ್ತಿದ್ದೆವು. ಇದು ಫೈಲಿಗೆ ಬರೆಸೋ ವಿಷಯ ಅಂತ ತಲೆಗೇ ಹೋಗಲಿಲ್ಲ. ಹೋಗಿದ್ದರೂ ಅವಳ ಎದುರಿಗೆ ಹೇಳೋ ಧೈರ್ಯ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದವರು ಮಧ್ಯಾಹ್ನ ಮೂರೂವರೆಗೆ ಹೊರಗೆ ಬಂದು "ಆಯ್ತು" ಅಂದರು. ಕೆನ್ನೆ, ದವಡೆ ಮೂಳೆಯ ಒಂದು ಭಾಗ, ಕುತ್ತಿಗೆಯ ಗಂಟುಗಳು ತೆಗೆದು, ಎದೆಯ ಮಾಂಸಖಂಡವನ್ನು ಮೇಲಕ್ಕೆ ತಿರುಗಿಸಿ ಕೆನ್ನೆಗೆ ಮುಚ್ಚಿದ್ದರು. ಬಾಯಿ ಊದುತ್ತೆ, ಉಸಿರಿಗೆ ತೊಂದರೆ ಆಗಬಾರದು ಅಂತ ಕುತ್ತಿಗೆಯಲ್ಲಿ ತೂತು ಮಾಡಿ ಟ್ರೇಕಿಯಾಸ್ಟಮಿ ಟ್ಯೂಬು. ಊಟಕ್ಕೆ ಮೂಗಲ್ಲಿ ಟ್ಯೂಬು. ಮೂತ್ರಕ್ಕೆ ಒಂದು. ರಕ್ತ ಇಳಿಯೋಕೆ ಎದೆ ಹತ್ತಿರ ಎರಡು. ಕೈಯಲ್ಲಿ ಡ್ರಿಪ್ಪು. ಕುತ್ತಿಗೆ ಟ್ಯೂಬು ಇರುವಷ್ಟು ದಿನ ಮಾತಾಡೋಕೆ ಆಗಲ್ಲ ಅಂತ ಮೊದಲೇ ಹೇಳಿದ್ದರು. ಬರೆದು ತೋರಿಸಲಿ ಅಂತ ಒಂದು ಸ್ಲೇಟು ಕೊಟ್ಟರು. ಅಮ್ಮನಿಗೆ ಸಹಿ ಮಾತ್ರ ಬರುತ್ತೆ. ಸ್ಲೇಟು ದಿಂಬಿನ ಪಕ್ಕ ಸುಮ್ನೆ ಬಿದ್ದಿತ್ತು.

ಮಂಗಳವಾರ ಐಸಿಯುನಲ್ಲಿ ಐದು ನಿಮಿಷ ನೋಡೋಕೆ ಬಿಟ್ಟರು. ಕಣ್ಣು ಅರ್ಧ ಮುಚ್ಚಿಕೊಂಡು ಮಲಗಿದ್ದಳು. ಕೈ ಹಿಡಿದರೆ ಹಿಡಿಸಿಕೊಂಡಳು, ಬಿಟ್ಟರೆ ಬಿಟ್ಟಳು. "ಅಜ್ಜಿ ತುಂಬಾ ಒಳ್ಳೆಯವರು, ಒಂಚೂರೂ ತೊಂದರೆ ಕೊಡಲ್ಲ" ಅಂದರು ಸಿಸ್ಟರ್. ಖುಷಿಯಾಯ್ತು ನನಗೆ. ನಮ್ಮಮ್ಮ ಅಂಥ ಒಳ್ಳೆಯವಳಲ್ಲ. ಗದರುತ್ತಾಳೆ, ಎಲ್ಲದಕ್ಕೂ ತಗಾದೆ ತೆಗೀತಾಳೆ. ಅವಳು ಅಷ್ಟು ತೆಪ್ಪಗೆ ಮಲಗಿದ್ದಾಳೆ ಅಂದರೆ ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಆಮೇಲೆ ಗೊತ್ತಾಯ್ತು, ಸನ್ನಿ ಶುರುವಾಗಿದ್ದು ಅವತ್ತೇ. ಕೂಗಾಡೋದು, ಎದ್ದು ಓಡೋದು ಮಾತ್ರ ಡೆಲಿರಿಯಂ ಅಲ್ಲ. ಮಂಕಾಗಿ, ಏನೂ ಬೇಡದೆ ಮಲಗಿಬಿಡೋದೂ ಅದೇ. ವಯಸ್ಸಾದವರಲ್ಲಿ ಈ ಸುಮ್ಮನಿರೋ ಥರದ್ದೇ ಕಣ್ಣು ತಪ್ಪಿಸೋದು ಜಾಸ್ತಿ, ಯಾಕಂದರೆ ಅದರಿಂದ ಯಾರಿಗೂ ಉಪದ್ರವ ಇಲ್ಲ.

ಬುಧವಾರ ವಾರ್ಡಿಗೆ ತಂದರು. ಹೆಂಗಸರ ವಾರ್ಡು, ಜೊತೆಗೆ ಒಬ್ಬರು ಹೆಂಗಸರು ಇರಬಹುದು, ನಾನು ಇದ್ದೆ. ಆ ರಾತ್ರಿಯೇ ಅಕ್ಕಿ ಆರಿಸಿದ್ದು. ಟ್ಯೂಬಿಗೆ ಕೈ ಹಾಕಿದವಳನ್ನು ಹಿಡಿಯೋಕೆ ನಾನೊಬ್ಬಳೇ ಸಾಲಲಿಲ್ಲ. 41 ಕೆಜಿ ಹೆಂಗಸು, ಎಲ್ಲಿಂದ ಬಂತೋ ಆ ಬಲ. ಕಾಲು ಮಂಚದಿಂದ ಇಳಿಬಿಟ್ಟಳು. ಎಲ್ಲಿಗೋ ಹೊರಟಿದ್ದಳು, ಹೊತ್ತು ಮೀರಿದೆ ಅನ್ನೋ ಹಾಗೆ ಕೈಸನ್ನೆ ಮಾಡ್ತಿದ್ದಳು. ರಾತ್ರಿ ಡ್ಯೂಟಿಯವರು ಇಬ್ಬರು ಬಂದು, "ಟ್ಯೂಬು ಕಿತ್ತರೆ ಹೊಲಿಗೆ ಬಿಚ್ಚುತ್ತೆ, ಮತ್ತೆ ಆಪರೇಷನ್ನೇ" ಅಂದು ಎರಡೂ ಮುಂಗೈಗೆ ಬ್ಯಾಂಡೇಜು ಬಟ್ಟೆ ಸುತ್ತಿ ಮಂಚದ ಕಂಬಿಗೆ ಕಟ್ಟಿದರು. ಅವರು ಹೇಳಿದ್ದು ಸುಳ್ಳಲ್ಲ. ಇಡೀ ವಾರ್ಡಿಗೆ ಇದ್ದವರೇ ಆ ಇಬ್ಬರು. ಆದರೂ, ಗಂಟು ಹಾಕುವಾಗ ನಾನು ಅಮ್ಮನ ಕೈ ಒತ್ತಿ ಹಿಡಿದಿದ್ದೆ. ಅದನ್ನು ಬರೀದೆ ಬಿಟ್ಟರೆ ಈ ಕಥೆ ಅರ್ಧ ಸುಳ್ಳಾಗುತ್ತೆ.

ಕಟ್ಟಿದ ಮೇಲೆ ಜಾಸ್ತಿಯಾಯ್ತು. ಬೆಳಗಿನ ತನಕ ಮಂಚ ಕಟಕಟ ಅಂತಿತ್ತು. ಬಾಯಿಂದ ದನಿ ಬರಲ್ಲ, ಬರೀ ಗಾಳಿ. ಆ ಗಾಳಿಯಲ್ಲೇ ಯಾರನ್ನೋ ಬೈತಿದ್ದಳು.

ಗುರುವಾರ ಬೆಳಿಗ್ಗೆ ಚಿಕ್ಕಮ್ಮ ಬಂದು ಬಾಗಿಲಲ್ಲೇ ನಿಂತು ಅತ್ತಳು. ಐಸಿಯುನಲ್ಲಿ ಯಾರೋ ಸತ್ತಿರ್ತಾರೆ, ಅದೇ ಮೆಟ್ಟಿಕೊಂಡಿದೆ, ಊರಿಂದ ತಾಯತ ತರಿಸ್ತೀನಿ ಅಂದಳು. ಪಕ್ಕದ ಬೆಡ್ಡಿನವರ ಮಗಳು "ಅನಸ್ತೇಶಿಯಾ ತಲೆಗೆ ಏರಿಬಿಟ್ಟಿದೆ" ಅಂದಳು. ತಮ್ಮ ಮೊಬೈಲ್ ನೋಡಿ "ಕ್ಯಾನ್ಸರ್ ಮೆದುಳಿಗೆ ಹೋಗಿರಬಹುದು" ಅಂತ ನನ್ನ ಕಿವಿಯಲ್ಲಿ ಹೇಳಿದ. ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ಫ್ಲ್ಯಾಪ್, ಅಂದರೆ ಎದೆಯಿಂದ ತಂದು ಕೆನ್ನೆಗೆ ಮುಚ್ಚಿದ ಆ ಮಾಂಸ ನೋಡಿ, "ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ" ಅಂದರು. ಕೈ ಕಟ್ಟಿರೋದು ತೋರಿಸಿ ಕೇಳಿದೆ. "ಈ ವಯಸ್ಸಿಗೆ ಅದೆಲ್ಲ ಮಾಮೂಲು, ಸರಿಹೋಗುತ್ತೆ" ಅಂದು ಮುಂದಿನ ಬೆಡ್ಡಿಗೆ ಹೋದರು.

ನಮ್ಮ ಪುಣ್ಯಕ್ಕೆ ಅವರ ಹಿಂದೆ ಇದ್ದ ಪಿಜಿ ಹುಡುಗಿ ನಿಂತಳು. ಅನಸ್ತೇಶಿಯಾ ಕಲಿಯೋ ಡಾಕ್ಟರು, ಹಾಸನದ ಕಡೆ ಮಾತು. ಸ್ಟೂಲು ಎಳೆದುಕೊಂಡು ಅಮ್ಮನ ಮುಖದ ಮಟ್ಟಕ್ಕೆ ಕೂತಳು. ಆಪರೇಷನ್ ಆದಮೇಲೆ ಅಮ್ಮನ ಎದುರಿಗೆ ಕೂತು ಮಾತಾಡಿದ ಮೊದಲ ಡಾಕ್ಟರು ಅವಳೇ.

"ಅಜ್ಜಿ, ನಾನು ಒಂದೊಂದೇ ಅಕ್ಷರ ಹೇಳ್ತೀನಿ. 'ಅ' ಅಂದಾಗ ಮಾತ್ರ ನನ್ನ ಕೈ ಹಿಸುಕಬೇಕು. ಬೇರೆ ಅಕ್ಷರಕ್ಕೆ ಹಿಸುಕಬಾರದು."

ಹತ್ತು ಅಕ್ಷರ ಹೇಳಿದಳು. ಅಮ್ಮ ಮೊದಲು ಎರಡಕ್ಕೆ ಹಿಸುಕಿದಳು, ಆಮೇಲೆ ಎಲ್ಲದಕ್ಕೂ ಹಿಸುಕಿದಳು, ಕೊನೆಗೆ ಕೈ ಹಿಡಿದುಕೊಂಡೇ ಕಿಟಕಿ ಕಡೆ ನೋಡ್ತಾ ಉಳಿದಳು. ಆಮೇಲೆ ಹೌದು-ಅಲ್ಲ ಪ್ರಶ್ನೆ. "ಅಜ್ಜಿ, ಕಲ್ಲು ನೀರಿನ ಮೇಲೆ ತೇಲುತ್ತಾ?" ಅಮ್ಮ ಯೋಚನೆ ಮಾಡಿ ತಲೆ ಆಡಿಸಿದಳು. ಹೌದು, ತೇಲುತ್ತೆ. ನನಗೆ ಅಳು ತಡೆಯೋಕೆ ಆಗಲಿಲ್ಲ. ಟ್ಯೂಬಿಗೆ ಕೈ ಹಾಕಿದಾಗ ಅತ್ತಿರಲಿಲ್ಲ, ಇದಕ್ಕೆ ಅತ್ತೆ.

ಇದು ವೆಂಟಿಲೇಟರ್ ಮೇಲೆ ಇರುವವರಿಗೆ, ಮಾತಾಡೋಕೆ ಆಗದವರಿಗೆ ಅಂತಲೇ 2001ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್‌ನವರು ಮಾಡಿದ ಪರೀಕ್ಷೆಯಂತೆ. ಎರಡೇ ನಿಮಿಷ. ಹತ್ತರಲ್ಲಿ ಎರಡಕ್ಕಿಂತ ಜಾಸ್ತಿ ತಪ್ಪಿದರೆ ಗಮನ ನಿಲ್ತಾ ಇಲ್ಲ ಅಂತ ಲೆಕ್ಕ. ಡೆಲಿರಿಯಂನಲ್ಲಿ ಮೊದಲು ಹೋಗೋದು ನೆನಪಲ್ಲ, ಗಮನ. ಮಾತು ಬರುವವರಿಗೆ ಬೇರೆ ಪರೀಕ್ಷೆ ಇದೆ. ವಯಸ್ಸು, ಹುಟ್ಟಿದ ದಿನ, ಈಗ ಇರೋ ಜಾಗ, ಈಗಿನ ಇಸವಿ ಕೇಳ್ತಾರೆ, ತಿಂಗಳನ್ನು ಡಿಸೆಂಬರ್‌ನಿಂದ ಹಿಂದಕ್ಕೆ ಹೇಳಿಸ್ತಾರೆ. ನಮ್ಮಮ್ಮನಿಗೆ ಹುಷಾರಾಗಿದ್ದಾಗಲೂ ಹುಟ್ಟಿದ ದಿನ ಗೊತ್ತಿಲ್ಲ, ಡಿಸೆಂಬರ್ ಬರಲ್ಲ. ಭರಣಿ, ಕೃತ್ತಿಕೆ, ರೋಹಿಣಿ ಅಂತ ಮಳೆ ನಕ್ಷತ್ರ ಕೇಳಿ, ಅದನ್ನು ಸರಾಗ ಹೇಳ್ತಾಳೆ. ಅದಕ್ಕೇ ಆ ಹುಡುಗಿ ನನ್ನ ಕಡೆ ತಿರುಗಿ ಕೇಳಿದ್ದು: "ಅಕ್ಕ, ಅಜ್ಜಿ ಮನೇಲಿ ಹೇಗಿರ್ತಿದ್ರು? ಇದು ಅವರ ಮಾಮೂಲೇನಾ?"

ಆಗ ಹಾಲು, ಬೀಗದ ಕೈ, ಪೋಸ್ಟ್‌ಮ್ಯಾನ್ ಎಲ್ಲ ಹೇಳಿದೆ. ಬರೆದುಕೊಂಡಳು. ಕಣ್ಣು? ಕನ್ನಡಕ ಇದೆ, ತಮ್ಮನ ಬ್ಯಾಗಲ್ಲಿ, ಲಾಡ್ಜಲ್ಲಿ. ಕಿವಿ? ಎಡಗಿವಿ ಹತ್ತು ವರ್ಷದಿಂದ ಮಂದ, ಬಲಗಿವಿಯಲ್ಲೇ ಕೇಳೋದು. ಅವಳು ಅಮ್ಮನ ಮುಖ ನೋಡಿದಳು. ನಾನೂ ನೋಡಿದೆ. ಆಪರೇಷನ್ ಬಲಗಡೆ. ಬಲಗಿವಿ ಮುಚ್ಚಿ ಹತ್ತಿ ಪ್ಯಾಡು. ಅಂದರೆ ಮೂರು ದಿನದಿಂದ ಅಮ್ಮನಿಗೆ ಕೇಳಿಸಿಲ್ಲ, ಕಾಣಿಸಿಲ್ಲ, ಮಾತಾಡೋಕೆ ಆಗಿಲ್ಲ. ಮಸುಕಲ್ಲಿ ಯಾರು ಯಾರೋ ಬಂದು ಮೈ ಮುಟ್ಟಿ ಹೋಗ್ತಾರೆ, ಏನೇನೋ ಚುಚ್ಚುತ್ತಾರೆ. ನನಗಾದರೂ ತಲೆ ಕೆಡುತ್ತಿರಲಿಲ್ವಾ?

"ನಿದ್ದೆ ಮಾತ್ರೆ ಏನಾದ್ರೂ ತಗೋತಿದ್ರಾ?"

ಇಲ್ಲ ಅನ್ನೋಕೆ ಬಾಯಿ ತೆರೆದವಳು ನಿಂತೆ. ಅಮ್ಮನ ಎಲೆ ಅಡಿಕೆ ಸಂಚಿ ಬ್ಯಾಗಲ್ಲೇ ಇತ್ತು. ಅದನ್ನು ಬಿಟ್ಟು ಎಲ್ಲಿಗೂ ಬರಲ್ಲ ಅವಳು. ತೆಗೆದು ಮಂಚದ ಮೇಲೆ ಸುರಿದೆ. ಒಣಗಿದ ಎರಡು ಎಲೆ, ಸುಣ್ಣದ ಡಬ್ಬಿ, ಅಡಿಕೆ ಚೂರು, ಒಂದು ಕಡ್ಡಿಪುಡಿ ಪೊಟ್ಟಣ (ಬಯಾಪ್ಸಿ ಆದ ದಿನವೇ ಬಿಟ್ಟೆ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡಿದ್ದಳು), ಇಪ್ಪತ್ತರ ಎರಡು ನೋಟು, ಮತ್ತೆ ಮಡಚಿದ ಅರ್ಧ ಪಟ್ಟಿ ಮಾತ್ರೆ. ಆಲ್ಪ್ರಾಜೊಲಾಮ್. ಅಪ್ಪ ತೀರಿಕೊಂಡ ವರ್ಷ ಅಮ್ಮನಿಗೆ ನಿದ್ದೆ ಬರ್ತಿಲ್ಲ ಅಂತ ಯಾರೋ ಬರೆದುಕೊಟ್ಟಿದ್ದು. ಆರು ವರ್ಷದಿಂದ ದಿನಾ ರಾತ್ರಿ ಒಂದು ನುಂಗ್ತಾಳೆ. ಮೆಡಿಕಲ್ ಶಾಪಿನವನಿಗೆ ಚೀಟಿಯೂ ಬೇಡ, ಮುಖ ನೋಡಿದರೆ ಸಾಕು, ಪಟ್ಟಿ ಹರಿದು ಕೊಡ್ತಾನೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ, ಯಾಕಂದರೆ ಅದನ್ನು ನಾನು ಔಷಧಿ ಅಂತಲೇ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಶನಿವಾರ ರಾತ್ರಿ ಕೊನೆಯದ್ದು ತಗೊಂಡಿರಬೇಕು. ಭಾನುವಾರ ಅಡ್ಮಿಟ್ ಆದಳು. ಅಲ್ಲಿಗೆ ನಿಂತುಹೋಯ್ತು.

ಇದರಲ್ಲಿ ಒಂದು ವಿಚಿತ್ರ ಇದೆ. ಈ ಜಾತಿಯ ನಿದ್ದೆ ಮಾತ್ರೆಗಳೇ ವಯಸ್ಸಾದವರಿಗೆ ಡೆಲಿರಿಯಂ ತರಿಸುತ್ವೆ, ಆಪರೇಷನ್ ಆದವರಿಗೆ ಆದಷ್ಟು ಕೊಡಬಾರದು ಅಂತಾರೆ. ಆದರೆ ವರ್ಷಗಟ್ಟಲೆ ತಗೊಂಡವರಿಗೆ ಒಂದೇ ದಿನಕ್ಕೆ ನಿಲ್ಲಿಸಿದರೂ ಡೆಲಿರಿಯಂ ಬರುತ್ತೆ, ಫಿಟ್ಸು ಕೂಡ ಬರಬಹುದು. ಕುಡಿಯೋರಿಗೆ ಆಸ್ಪತ್ರೆ ಸೇರಿದ ಎರಡು ಮೂರು ದಿನಕ್ಕೆ ಕೈ ನಡುಗಿ ಬಡಬಡಿಸೋದು ಶುರುವಾಗುತ್ತಲ್ಲ, ಅದೇ ಥರ. ಕುಡಿಯೋ ಗಂಡಸಾದರೆ ಎಲ್ಲರೂ ಕೇಳ್ತಾರೆ. ನಮ್ಮಮ್ಮನಂಥವಳನ್ನು ಯಾರು ಕೇಳ್ತಾರೆ?

ಹಾಗಂತ ಮಾತ್ರೆ ಒಂದೇ ಕಾರಣ ಅಂತ ಆ ಹುಡುಗಿ ಹೇಳಲಿಲ್ಲ. "ಒಂದೇ ಕಾರಣ ಹುಡುಕಬೇಡಿ ಅಕ್ಕ" ಅಂದಳು. ಮನೆಯಿಂದಲೇ ತಂದ ಕಾರಣ ಕೆಲವು, ಇಲ್ಲಿ ಬಂದಮೇಲೆ ಸೇರಿದ್ದು ಕೆಲವು. ಮನೆಯಿಂದ ಮುಕ್ಕಾಲು ತುಂಬಿದ ಬಿಂದಿಗೆ ತಂದಿದ್ದರೆ ಇಲ್ಲಿ ಎರಡು ಲೋಟ ಹುಯ್ದರೂ ಚೆಲ್ಲುತ್ತೆ. ಖಾಲಿ ಬಿಂದಿಗೆಯವರು, ಅಂದರೆ ಗಟ್ಟಿಮುಟ್ಟಾದ ವಯಸ್ಸಿನವರು, ಇದೇ ಏಳೂವರೆ ಗಂಟೆ ಆಪರೇಷನ್ ಮಾಡಿಸಿಕೊಂಡು ಮೂರನೇ ದಿನ ಪೇಪರ್ ಓದ್ತಾ ಕೂತಿರ್ತಾರೆ.

ನಮ್ಮ ಬಿಂದಿಗೆಯಲ್ಲಿ ಏನೇನಿತ್ತು ನೋಡಿ. ವಯಸ್ಸು 70 ದಾಟಿದೆ, ಮರೆವು ಶುರುವಾಗಿದೆ. ಇವೆರಡೇ ಎಲ್ಲದಕ್ಕಿಂತ ದೊಡ್ಡವು, ಅದರಲ್ಲೂ ಮರೆವು. ಕಣ್ಣು, ಕಿವಿ ಎರಡೂ ಮಂದ. ಬಾಯಿ ತೆರೆಯೋಕೆ ಆಗದೆ ನಾಲ್ಕು ತಿಂಗಳು ಗಂಜಿ, ರಾಗಿ ಅಂಬಲಿಯಲ್ಲಿ ಬದುಕಿದ್ದಾಳೆ, 49 ಕೆಜಿ ಇದ್ದವಳು 41ಕ್ಕೆ ಇಳಿದಿದ್ದಾಳೆ. ಹಿಮೋಗ್ಲೋಬಿನ್ 9.2. ರಕ್ತದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ 2.9, ಅದು ಮೂರೂವರೆ ಮೇಲಿರಬೇಕು. ಬಾಯಿ ಕ್ಯಾನ್ಸರ್, ಅನ್ನನಾಳದ ಕ್ಯಾನ್ಸರ್, ಹೊಟ್ಟೆ ಕ್ಯಾನ್ಸರ್‌ನವರು ಆಪರೇಷನ್ ಟೇಬಲ್ಲಿಗೆ ಬರೋದೇ ಹೀಗೆ ಸೊರಗಿ. ಹುಣ್ಣು ನೋಡೋ ಭರದಲ್ಲಿ ಊಟ ಯಾರೂ ಲೆಕ್ಕ ಇಡಲ್ಲ, ನಾವೂ ಇಟ್ಟಿರಲಿಲ್ಲ. ಇದರ ಮೇಲೆ ನಿದ್ದೆ ಮಾತ್ರೆ. ಕಡ್ಡಿಪುಡಿ ದಿಢೀರ್ ನಿಂತಿದ್ದೂ ಸೇರಿರಬಹುದು ಅಂದಳು.

ಇಲ್ಲಿ ಸೇರಿದ್ದು: ಉದ್ದದ ಆಪರೇಷನ್, ರಕ್ತ ಹೋಗಿದ್ದು. ಎರಡು ಬಾಟಲಿ ರಕ್ತ ಏರಿಸುವ ಮುಂಚೆ ಅಲರ್ಜಿ ಆಗದಿರಲಿ ಅಂತ ಫೆನಿರಮಿನ್ ಇಂಜೆಕ್ಷನ್ ಕೊಟ್ಟಿದ್ದರು. ನೆಗಡಿ, ತುರಿಕೆಗೆ ಕೊಡೋ ಆ ಹಳೇ ಔಷಧಿಗಳು ವಯಸ್ಸಾದವರ ತಲೆಯನ್ನು ಮಂಕು ಮಾಡುತ್ವಂತೆ. ನೋವಿಗೆ ಟ್ರಮಡಾಲ್, ಅದೂ ಒಂದು. ಐಸಿಯುನಲ್ಲಿ ಎರಡು ರಾತ್ರಿ ಲೈಟು ಆರಿಲ್ಲ, ಮಾನಿಟರ್ ಕೂಗೋದು ನಿಂತಿಲ್ಲ, ಕಫ ಎಳೆಯೋ ಮಿಷನ್ನು ಗಂಟೆಗೊಂದು ಸಲ. ಮೂತ್ರದ ಪೈಪು ಇನ್ನೂ ಹಾಗೇ ಇದೆ. ಐದು ದಿನದಿಂದ ಹೊಟ್ಟೆ ಹೋಗಿಲ್ಲ. ಅವತ್ತು ಬೆಳಿಗ್ಗೆ ಕಳಿಸಿದ ರಕ್ತದ ರಿಪೋರ್ಟು ಮಧ್ಯಾಹ್ನ ಬಂತು, ಸೋಡಿಯಂ 124. ಕಡಿಮೆ ಅಂದರೂ 135 ಇರಬೇಕು. ಬರೀ ಅದೊಂದೇ ಸಾಕಿತ್ತಂತೆ ತಲೆ ಕೆಡಿಸೋಕೆ.

ನಾನು ಹೈಸ್ಕೂಲ್ ಟೀಚರ್, ಕೇಳಿದ್ದನ್ನು ಓದಿ ನೋಡದಿದ್ದರೆ ಸಮಾಧಾನ ಇಲ್ಲ. ಆಮೇಲೆ ಹುಡುಕಿ ಓದಿದೆ. ಯೇಲ್‌ನಲ್ಲಿದ್ದ ಶರೋನ್ ಇನೊಯೆ ಅನ್ನೋ ವೈದ್ಯೆ ಈ ವಿಷಯಕ್ಕೇ ಜೀವಮಾನ ಕೊಟ್ಟವರು. ಬಿಂದಿಗೆ ಲೆಕ್ಕ ಮೂಲದಲ್ಲಿ ಅವರದ್ದೇ. 1996ರಲ್ಲಿ, 70 ದಾಟಿದ, ಆಪರೇಷನ್ ಅಲ್ಲದೆ ಬೇರೆ ಕಾಯಿಲೆಗೆ ಅಡ್ಮಿಟ್ ಆದವರನ್ನು ನೋಡಿ, ಆಸ್ಪತ್ರೆಯಲ್ಲಿ ಸೇರುವ ಐದು ಕಾರಣ ಹೇಳಿದರು. ಕೈಕಾಲು ಕಟ್ಟಿಹಾಕೋದು, ಪೌಷ್ಟಿಕ ಊಟ ಇಲ್ಲದಿರೋದು, ಮೂರಕ್ಕಿಂತ ಜಾಸ್ತಿ ಹೊಸ ಔಷಧಿ, ಮೂತ್ರದ ಪೈಪು, ಮತ್ತೆ ಚಿಕಿತ್ಸೆಯಿಂದಲೇ ಆದ ಯಾವುದಾದರೂ ತೊಂದರೆ. ಪಟ್ಟಿಯಲ್ಲಿ ಮೊದಲನೇದು ಓದಿದಾಗ ಮುಂಗೈಯ ಆ ಬ್ಯಾಂಡೇಜು ಗಂಟು ಕಣ್ಣ ಮುಂದೆ ಬಂತು. ಟ್ಯೂಬು ಉಳಿಸೋಕೆ ಅಂತ ಕಟ್ಟಿದ್ದು, ಸನ್ನಿಗೆ ತುಪ್ಪ ಹುಯ್ದ ಹಾಗೆ. ಡೆಲಿರಿಯಂ ಅನ್ನೋ ಮಾತಿನ ಮೂಲವೂ ಆಗಲೇ ಗೊತ್ತಾಗಿದ್ದು. ಲ್ಯಾಟಿನ್‌ನಲ್ಲಿ, ಉಳುವಾಗ ನೇಗಿಲು ಸಾಲು ಬಿಟ್ಟು ಹೋಗೋದು ಅಂತ ಅರ್ಥವಂತೆ. ಅಮ್ಮನಿಗೆ ಹೇಳಿದರೆ ಡಾಕ್ಟರಿಗಿಂತ ಚೆನ್ನಾಗಿ ಅರ್ಥ ಆಗುತ್ತೆ.

ಗುರುವಾರ ಮಧ್ಯಾಹ್ನದಿಂದ ಕೆಲಸ ಶುರುವಾಯ್ತು. ದೊಡ್ಡ ಚಿಕಿತ್ಸೆ ಏನೂ ಇಲ್ಲ, ಎಲ್ಲಾ ಸಣ್ಣಪುಟ್ಟ ಕೆಲಸವೇ. ಸೋಡಿಯಂ ನಿಧಾನಕ್ಕೆ ಏರಿಸಿದರು, ಬೇಗ ಏರಿಸಿದರೆ ಮೆದುಳಿಗೆ ಅಪಾಯ ಅಂತ. ಟ್ರಮಡಾಲ್ ನಿಲ್ಲಿಸಿ ಪ್ಯಾರಾಸಿಟಮಾಲ್ ಹೊತ್ತಿಗೆ ಸರಿಯಾಗಿ ಹಾಕಿದರು. ನೋವಿನ ಔಷಧಿ ಪೂರ್ತಿ ನಿಲ್ಲಿಸೋದಲ್ಲ, ನೋವು ಉಳಿದರೂ ಸನ್ನಿ ಇಳಿಯಲ್ಲ. ಮಾತು ಬಾರದವಳಿಗೆ ನೋವು ಎಷ್ಟಿದೆ ಅಂತ ಅಲ್ಲಿಯವರೆಗೂ ಯಾರೂ ಕೇಳಿರಲಿಲ್ಲ. ಆಮೇಲೆ ಬೆರಳು ತೋರಿಸಿ ಕೇಳೋದು ಕಲಿತೆವು. ಮೂತ್ರದ ಪೈಪು ತೆಗೆದರು. ಎನಿಮಾ ಕೊಟ್ಟರು. ನಿದ್ದೆ ಮಾತ್ರೆಯನ್ನು ಪುಡಿ ಮಾಡಿ ಟ್ಯೂಬಿನಲ್ಲಿ ಮತ್ತೆ ಶುರು ಮಾಡಿದರು, ಆಮೇಲೆ ವಾರ ವಾರ ಇಳಿಸುತ್ತಾ ಬಂದು ನಿಲ್ಲಿಸಬೇಕು ಅಂತ. ಗುರುವಾರ ರಾತ್ರಿ ಮತ್ತೆ ಜಾಸ್ತಿಯಾದಾಗ ಹ್ಯಾಲೊಪೆರಿಡಾಲ್ ಸಣ್ಣ ಡೋಸ್ ಒಂದು ಸಲ ಕೊಟ್ಟರು. ಅದು ವಾಸಿ ಮಾಡೋ ಔಷಧಿ ಅಲ್ಲ, ಅಪಾಯ ಆಗದ ಹಾಗೆ ತಡೆಯೋಕೆ ಅಷ್ಟೇ ಅಂತ ಹೇಳಿಯೇ ಕೊಟ್ಟರು.

ಕೈಕಟ್ಟು ಬಿಚ್ಚಿಸಿದ್ದು ಆ ಹುಡುಗಿಯೇ. ಬದಲಿಗೆ ಹತ್ತಿ ತುಂಬಿದ ಗವಸು ತೊಡಿಸಿದೆವು, ಪಕ್ಕದಲ್ಲಿ ಸದಾ ಒಬ್ಬರು ಇರಬೇಕು ಅನ್ನೋ ಷರತ್ತಿನ ಮೇಲೆ. ನಾನು, ಚಿಕ್ಕಮ್ಮ, ನಾದಿನಿ ಪಾಳಿ ಹಾಕಿಕೊಂಡೆವು. ಕನ್ನಡಕ ಬಂತು, ಒಂದು ಕಡ್ಡಿ ಊದಿದ ಕೆನ್ನೆಗೆ ತಾಗುತ್ತೆ ಅಂತ ದಾರ ಕಟ್ಟಿ ನಿಲ್ಲಿಸಿದೆ. ಡ್ರೆಸ್ಸಿಂಗ್ ಮಾಡುವವರಿಗೆ ಹೇಳಿ ಬಲಗಿವಿ ಬಿಡಿಸಿದೆವು. ಬೆಡ್ಡನ್ನು ಕಿಟಕಿ ಪಕ್ಕಕ್ಕೆ ಹಾಕಿಸಿದೆವು. ಹಸಿರು ಬೆಡ್‌ಶೀಟಿನ ಮೇಲೆ ಅವಳದೇ ಹಳೇ ಹತ್ತಿ ಸೀರೆ ಹಾಸಿದೆ. ಬೆಳಿಗ್ಗೆ ಸಂಜೆ ಕೂರಿಸೋದು, ಕೈ ಹಿಡಿದು ನಾಲ್ಕು ಹೆಜ್ಜೆ. ಹಗಲು ಮಲಗೋಕೆ ಬಿಡದೆ ಮಾತಾಡಿಸೋದು. ಏನು ಮಾತು? "ಅಮ್ಮ, ಇವತ್ತು ಶುಕ್ರವಾರ. ನೀನು ಬೆಂಗಳೂರಲ್ಲಿ ಆಸ್ಪತ್ರೇಲಿದ್ದೀಯ. ಬಾಯಿ ಆಪರೇಷನ್ ಆಗಿದೆ. ದನ ಪಕ್ಕದ ಮನೆಯವರು ನೋಡ್ಕೋತಿದ್ದಾರೆ." ದಿನಕ್ಕೆ ಮೂವತ್ತು ಸಲ ಹೇಳಿದ್ದೀನೋ ಏನೋ. ಅಕ್ಕಿ ಆರಿಸೋದು ಶುರು ಮಾಡಿದರೆ "ಅಕ್ಕಿ ಇಲ್ಲ, ಸುಮ್ನಿರು" ಅಂತ ವಾದ ಮಾಡೋಕೆ ಹೋಗ್ತಿರಲಿಲ್ಲ. ಕೈ ಹಿಡಿದುಕೊಂಡು ದನದ ಸುದ್ದಿ ತೆಗೀತಿದ್ದೆ.

ಇದೆಲ್ಲ ಸಮಾಧಾನಕ್ಕೆ ಮಾಡೋ ಉಪಚಾರ ಅಂತ ತಮ್ಮ ಅಂದುಕೊಂಡಿದ್ದ. ಅಲ್ಲ. 1999ರಲ್ಲಿ ಅದೇ ಇನೊಯೆ ತಂಡ 852 ಜನ ವೃದ್ಧ ರೋಗಿಗಳಲ್ಲಿ ಇದನ್ನೇ ಮಾಡಿ ನೋಡಿತ್ತು. ಮಾತಾಡಿಸೋದು, ನಡೆಸೋದು, ಕನ್ನಡಕ, ಕಿವಿ, ನೀರು, ನಿದ್ದೆ. ಹಾಗೆ ನೋಡಿಕೊಂಡವರಲ್ಲಿ ಡೆಲಿರಿಯಂ ಬಂದಿದ್ದು 9.9 ಪರ್ಸೆಂಟ್ ಜನರಿಗೆ, ಮಾಮೂಲಿ ಆರೈಕೆಯವರಲ್ಲಿ 15 ಪರ್ಸೆಂಟ್. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳುತ್ತೆ. ಒಂದು ಸಲ ಶುರುವಾದ ಮೇಲೆ ಇದೆಲ್ಲ ಮಾಡಿದರೂ ಅದು ಎಷ್ಟು ಜೋರಾಗಿರುತ್ತೆ ಅನ್ನೋದರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ತಡೆಯೋದು ಸುಲಭ, ಬಂದಮೇಲೆ ಓಡಿಸೋದು ಕಷ್ಟ. ನಾವು ಬಂದಮೇಲೆ ಎದ್ದವರು.

ಶನಿವಾರ ಬೆಳಿಗ್ಗೆ ನನ್ನನ್ನು ಗುರುತು ಹಿಡಿದಳು. ಸಂಜೆ ಮತ್ತೆ ಹೋಯ್ತು. ಭಾನುವಾರವೂ ಹಾಗೇ, ಹಗಲೆಲ್ಲ ಸರಿ, ದೀಪ ಹಚ್ಚೋ ಹೊತ್ತಿಗೆ ಮುಖ ಬದಲಾಗೋದು. ಅದು ಈ ಕಾಯಿಲೆಯ ಗುಣವಂತೆ, ಹತ್ತುತ್ತೆ ಇಳಿಯುತ್ತೆ. ಬೆಳಿಗ್ಗೆ ರೌಂಡ್ಸಿನಲ್ಲಿ ನೋಡಿದವರು "ಚೆನ್ನಾಗಿದ್ದಾರಲ್ಲ" ಅಂತಾರೆ, ರಾತ್ರಿ ನೋಡಿದವರಿಗೆ ಬೇರೆಯೇ ಕಥೆ. ಸೋಮವಾರ ಪಿಜಿ ಹುಡುಗಿ ಮತ್ತೆ ಬಂದು ಹತ್ತು ಅಕ್ಷರ ಹೇಳಿದಳು, ಒಂದು ಮಾತ್ರ ತಪ್ಪಿತು. "ಅಜ್ಜಿ, ಕಲ್ಲು ನೀರಲ್ಲಿ ತೇಲುತ್ತಾ?" ಅಮ್ಮ ನನ್ನ ಕಡೆ ನೋಡಿದಳು, ಈ ಹುಡುಗಿಗೆ ಏನಾಗಿದೆ ಅನ್ನೋ ಹಾಗೆ. ಮಂಗಳವಾರ ಕುತ್ತಿಗೆ ಟ್ಯೂಬು ತೆಗೆದು, ತೂತಿನ ಮೇಲೆ ಬೆರಳಿಟ್ಟು ಮಾತಾಡಿ ಅಂದರು. ಎಂಟು ದಿನ ಆದಮೇಲೆ ಬಂದ ಮೊದಲ ಮಾತು: "ನನ್ನ ಸಂಚಿ ಎಲ್ಲಿ?"

ಹದಿಮೂರನೇ ದಿನ ಮನೆಗೆ ಬಂದೆವು. ಆಮೇಲೆ ರೇಡಿಯೇಷನ್, 30 ಸಿಟ್ಟಿಂಗು, ಆರು ವಾರ. ಸನ್ನಿ ಇಳಿದರೂ ಹೋಗುವಾಗ ಸ್ವಲ್ಪ ಕಿತ್ತುಕೊಂಡು ಹೋಯ್ತು. ಎರಡು ಮೂರು ತಿಂಗಳು ತೀರಾ ಮಂಕು. ಈಗ ಪರವಾಗಿಲ್ಲ, ಆದರೆ ಒಲೆ ಹಚ್ಚೋಕೆ ಅವಳೊಬ್ಬಳನ್ನೇ ಬಿಡಲ್ಲ. ಅವಳಿಗೆ ಏನೂ ನೆನಪಿರಲ್ಲ ಅಂತ ನಾವು ಆರಾಮಾಗಿದ್ದೆವು. ಒಂದು ದಿನ ತಲೆಗೆ ಎಣ್ಣೆ ಹಚ್ಚುವಾಗ ಕೇಳಿದಳು, "ಅವತ್ತು ಸಂತೇಲಿ ನನ್ನ ಕೈ ಕಟ್ಟಿದ್ರಲ್ಲ, ನೀನೂ ಅಲ್ಲೇ ಇದ್ದೆ ಅಲ್ವಾ?" ಯಾವ ಸಂತೆ ಅಮ್ಮ ಅಂದೆ. ಎಲ್ಲರೂ ಸಾಮಾನು ಹೊತ್ತುಕೊಂಡು ಓಡಾಡ್ತಿದ್ದರು, ಬಸ್ಸು ಹೊರಟುಹೋಗ್ತಿತ್ತು, ದನ ಕಟ್ಟಿರಲಿಲ್ಲ, ಇವಳನ್ನು ಮಾತ್ರ ಕಟ್ಟಿಹಾಕಿದ್ದರು. ಹೌದು, ನಾನೂ ಇದ್ದೆ ಅಂದೆ. ಎಣ್ಣೆ ಹಚ್ಚಿ ಮುಗಿಸಿದೆ.

ಹೋದ ತಿಂಗಳು ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ತುಮಕೂರಲ್ಲಿ ತೋರಿಸಿದೆವು. ಸಣ್ಣ ಆಪರೇಷನ್, ಪ್ರಜ್ಞೆ ತಪ್ಪಿಸಲ್ಲ, ಅದೇ ದಿನ ಮನೆಗೆ. ಆದರೂ ಫಾರಂ ತುಂಬೋ ಹುಡುಗ ಎಲ್ಲಾ ಕೇಳಿದ. ನಾನು ಚೀಟಿ ಬರೆದುಕೊಂಡೇ ಹೋಗಿದ್ದೆ. ತಗೊಳ್ಳೋ ಮಾತ್ರೆ ಎಲ್ಲಾ, ಬಿಟ್ಟ ನಿದ್ದೆ ಮಾತ್ರೆ ಸೇರಿಸಿ. ಎಡಗಿವಿ ಕೇಳಲ್ಲ. ದೊಡ್ಡ ಆಪರೇಷನ್ ಆದಾಗ ಡೆಲಿರಿಯಂ ಬಂದಿತ್ತು. ಒಂದು ಸಲ ಬಂದವರಿಗೆ ಮತ್ತೆ ಬರೋ ಸಂಭವ ಜಾಸ್ತಿ, ಅದನ್ನು ಫೈಲಿನ ಮೇಲೆ ದೊಡ್ಡದಾಗಿ ಬರೆಯಿರಿ ಅಂದೆ. ಕೊನೆಗೆ ಅವನು ಪೆನ್ನು ಹಿಡಿದು ಕೇಳಿದ, "ಮರೆವು ಏನಾದ್ರೂ ಇದೆಯಾ ಮೇಡಂ?"

ಅಮ್ಮ ಪಕ್ಕದಲ್ಲೇ ಕೂತಿದ್ದಳು, ಬಲಗಿವಿ ನಮ್ಮ ಕಡೆಗೇ ಇತ್ತು. "ಇದೆ" ಅಂದೆ. ಹಾಲು, ಬೀಗದ ಕೈ, ಎಲ್ಲಾ ಹೇಳಿದೆ. ಅವನು ಬರೆದುಕೊಂಡ.

"ಯಾರಿಗೆ ಮರೆವು?" ಅಂದಳು ಅಮ್ಮ. ಶಿರಾ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಎಡಗಿವಿ ನನ್ನ ಕಡೆ ಮಾಡಿಕೊಂಡಳು. ಸೀಬಿ ದಾಟೋವರೆಗೂ ನನ್ನ ಹತ್ತಿರ ಮಾತಾಡಲಿಲ್ಲ.